ದಪ್ಪು ಬಾರಿಸದ ಬೆಳಗು

ಎಂಬತ್ತಾರರ ಮೇ ತಿಂಗಳು. ರಂಜಾನಿನ ಹತ್ತನೆಯ ದಿನ ಲಕ್ಷ್ಮೇಶ್ವರದ ನಮ್ಮ ಓಣಿ ಪೂರ್ತಿ ಹಸಿದ ಹೊಟ್ಟೆಯಲ್ಲೇ ರೋಜಾ ಹಿಡಿಯಿತು. ಹನಿ ನೀರು ಕುಡಿಯಲೂ ಯಾರಿಗೂ ಎಚ್ಚರವಾಗಲಿಲ್ಲ. ನಸುಕಿನ ಮೂರಕ್ಕೆ ದಪ್ಪು ಬಾರಿಸಿ ಎಲ್ಲರನ್ನೂ ಸಹರಿ ಊಟಕ್ಕೆ ಎಬ್ಬಿಸಬೇಕಾದವನು ನನ್ನ ತಮ್ಮ ಗುಡುಸಾಬ. ಹದಿನಾಲ್ಕು ವರ್ಷದವನು. ಅಪ್ಪ ಸತ್ತ ಮೇಲೆ ದಪ್ಪು ಅವನ ಕೈಗೆ ಬಂದಿತ್ತು. ನನಗೆ ತಾಳ ಹಿಡಿಯಲು ಬರುವುದಿಲ್ಲ. ಅಂದು ಅವನು ದಪ್ಪಿನ ಮೇಲೇ ತಲೆಯಿಟ್ಟು ಮಸೀದಿಯ ಕಟ್ಟೆಯಲ್ಲಿ ಮಲಗಿಬಿಟ್ಟಿದ್ದ.

ಮಧ್ಯಾಹ್ನ ನಾನು ಗಾದಿಗೆ ಹತ್ತಿ ಹಿಂಜುತ್ತಿದ್ದಾಗ ಮಲಂಗಸಾಬ ಚಾಚಾ ಓಣಿಯ ಹಿರಿಯರನ್ನು ಕರೆದುಕೊಂಡು ಬಂದ.

"ದಪ್ಪು ತಾ ಇಲ್ಲೆ. ನನ್ನ ಅಳಿಯಾ ಬಾರಸ್ತಾನ. ನಿಮ್ಮಪ್ಪ ಬುಡ್ಡೇಸಾಬ ಒಂದಿನಾನೂ ತಪ್ಪಿಸಿದ್ದಿಲ್ಲ."

ಅವ್ವ ಸೆರಗು ಮುಂದಕ್ಕೆಳೆದುಕೊಂಡಳು. "ಹುಡುಗಗ ಗಾಳಿ ಬಡದೈತ್ರಿ. ಮಾತಿಗೊಮ್ಮೆ ಮೈಮ್ಯಾಲ ಬರ್ತಾನ. ನಿನ್ನಿ ಗಂಗಾಳ ಒಗದ. ದರ್ಗಾದಾಗ ತಾಯತ ಕಟ್ಟಸ್ತೀನಿ, ಎಂಟ ದಿನಾ ತಡೀರಿ."

ನನ್ನ ತಲೆ ಕಾದಿತು. "ಯಾವ ಗಾಳೀನೂ ಇಲ್ಲವ್ವಾ! ಅವ ಕಣ್ಣ ಮುಚ್ಚದ ಎಂಟ ರಾತ್ರಿ ಆತು. ಚಾಚಾನ ಶೇಂಗಾ ಗೋದಾಮಿನ್ಯಾಗ ರೊಕ್ಕಾ ಕೊಟ್ಟು ವಿಡಿಯೋ ನೋಡ್ಕೋತ ಕುಂಡ್ರತಾನ. ಮೂರ ಪಿಚ್ಚರ್ ಮುಗಿಯೂದ ಸಹರಿ ಹೊತ್ತಿಗೆ."

"ಬಾ ಅಂತ ನಾ ಕರದೀನೇನಲೇ?"

"ಹಬ್ಬದ ಮಟಾ ಬಾಗಲಾ ಹಾಕ್ರಿ."

"ನಾಕನೇತ್ತೆ ಬಿಟ್ಟಾಂವ ನನಗ ಶಾಲಿ ಕಲಸಾಕ ಬಂದಾನ ನೋಡ್ರಿ!"

ಹಿರಿಯರು ನಕ್ಕರು. ಚಾಚಾ ಗೂಟದ ಮೇಲಿನ ದಪ್ಪಿಗೆ ಕೈ ಹಾಕಿದ. ಒಳಗಿನಿಂದ ಗುಡುಸಾಬ ನುಗ್ಗಿ ಬಂದ, ಕಣ್ಣು ಕೆಂಡದ ಹಾಗೆ. "ಅದು ನಮ್ಮಪ್ಪಂದು!" ಎಂದವನೇ ಚಾಚಾನ ಮುಂಗೈ ಕಚ್ಚಿದ.

ನಾನೇ ತಮ್ಮನಿಗೆ ಹೊಡೆದೆ. ಹತ್ತಿಯ ರಾಶಿಯೊಳಗೆ ಬಿದ್ದವನು ಏಳಲಿಲ್ಲ. ಜೀವ ಹೋಯಿತೇನೋ ಎಂದು ಅವ್ವ ಚೀರಿದಳು. ಬಗ್ಗಿ ನೋಡಿದೆ. ಗೊರಕೆ ಹೊಡೆಯುತ್ತಿದ್ದ.

"ನೋಡ್ರಿ, ಇದs ಗಾಳಿ!" ಎಂದೆ.

ಯಾರೂ ನಗಲಿಲ್ಲ. ಹಿರಿಯರಲ್ಲಿ ಶೇಖಸಾಬಜ್ಜ ಮಾತ್ರ ಮೆಲ್ಲಗೆ, "ನನ್ನ ಮೊಮ್ಮಗಾನೂ ಹಿಂಗs ಬಿದ್ದಾನ ಮನ್ಯಾಗ," ಎಂದ. ಆದರೂ ಚಾಚಾ ದಪ್ಪನ್ನು ಕಂಕುಳಲ್ಲಿಟ್ಟುಕೊಂಡು ನಡೆದ. ಅಜ್ಜನೂ ಹಿಂದೆಯೇ ಹೋದ.

ಸಂಜೆ ರೋಜಾ ಬಿಡುವ ಹೊತ್ತಿಗೂ ಗುಡುಸಾಬ ಏಳಲಿಲ್ಲ. ಎತ್ತಿ ಗಾದಿಯ ಮೇಲೆ ಮಲಗಿಸಿದೆ.

ಮರುದಿನ ನಸುಕಿನಲ್ಲಿ ಚಾಚಾನ ಅಳಿಯ ತಾಳ ತಪ್ಪಿ ಬಾರಿಸುತ್ತ ಓಣಿಗೆ ಬಂದ. ಗೋದಾಮಿನ ಕಡೆಯಿಂದ ಪಿಚ್ಚರಿನ ಹೊಡೆದಾಟದ ಸದ್ದು ಇನ್ನೂ ಕೇಳುತ್ತಿತ್ತು. ಗುಡುಸಾಬ ಕಣ್ಣು ತೆರೆಯದೆ, ಬೆರಳುಗಳಿಂದ ಗಾದಿಯ ಮೇಲೆ ತಾಳ ಹಾಕಿದ, ಅಪ್ಪ ಹಾಕುತ್ತಿದ್ದಂತೆಯೇ.

ಅವ್ವ ಅವನನ್ನು ಊಟಕ್ಕೆ ಎಬ್ಬಿಸಲು ಹೋದಳು. ನಾನು ಅವಳ ಕೈ ಹಿಡಿದು ತಡೆದೆ.