ಸೀಡಿ ಡಬ್ಬಿಯ ಚೀಟಿಗಳು

ಪರಮೇಶ ಮಾಮಾ ಸಿನಿಮಾ ನೋಡುತ್ತಿರಲಿಲ್ಲ. ಬನಹಟ್ಟಿ ಬಸ್‌ಸ್ಟ್ಯಾಂಡಿನ ಹಿಂದೆ ಅವನದೇ ಸೀಡಿ ಅಂಗಡಿ ಇತ್ತು, ಗೋಡೆ ತುಂಬ ಸೀಡಿ ಜೋಡಿಸಿದ್ದ. ಆದರೆ ಮೂರು ತಾಸು ಒಂದೇ ಕಡೆ ಕೂರುವುದು ಅವನ ಜಾಯಮಾನವಲ್ಲ. ಮಗ್ಗಕ್ಕೆ ಸೂಟಿ ಇದ್ದ ದಿನ ನೇಕಾರರ ಮನೆಯವರು ಬಂದು "ಇದು ಹ್ಯಾಂಗೈತ್ರಿ?" ಎಂದು ಕೇಳಿದರೆ ಎಲ್ಲಕ್ಕೂ ಒಂದೇ ಉತ್ತರ ಕೊಡುತ್ತಿದ್ದ, ಮಸ್ತ್ ಐತಿ ಒಯ್ಯಿರಿ ಅಂತ. ಹೀಗೇ ಒಮ್ಮೆ ಭಕ್ತಿ ಚಿತ್ರ ಎಂದು ಕೊಟ್ಟದ್ದರಲ್ಲಿ ದೇವರು ಬಂದದ್ದು ಕಡೆಯ ಹತ್ತು ನಿಮಿಷ. ಅಲ್ಲಿಯತನಕ ಅರೆಬರೆ ಬಟ್ಟೆಯ ಕುಣಿತ. ಬೀಗರನ್ನು ಕೂರಿಸಿಕೊಂಡು ಅದನ್ನು ನೋಡಿದ ಗಿರಾಕಿ ಮರುದಿನ ಅಂಗಡಿ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಬೈದು ಹೋದ.

ಆ ಭಾನುವಾರ ಮಾಮಾ ಹಿಪ್ಪರಗಿಗೆ, ನಮ್ಮ ಮನೆಗೆ ಬಂದ. ಅವನು ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ ಅಲ್ಲ, ಅವ್ವ ಎಂಟು ವರ್ಷ ದೊಡ್ಡವಳು, ತಾಯಿಯ ಹಾಗೆ ಸಾಕಿದವಳು. ಗಾಡಿಯಿಂದ ಹಳೆಯ ಪ್ಲೇಯರೊಂದನ್ನು ಇಳಿಸಿ ನಮ್ಮ ಟೀವಿಗೆ ಜೋಡಿಸಿದ. ನಾಲ್ಕು ಸೀಡಿ ನನ್ನ ಮುಂದಿಟ್ಟ.

"ನೀ ಹೆಂಗೂ ಆಯಿ ಕತಿ ಕೇಳಿ ಕೇಳಿ ತಲಿ ಕೆಡಿಸ್ಕೊಂಡಾಕಿ. ಇವನ್ನ ನೋಡು, ಹ್ಯಾಂಗ ಅನಿಸಿತು ನಾಕ ಸಾಲ ಬರದು ಡಬ್ಬಿಯೊಳಗ ಇಡು. ಬಂದವರಿಗೆ ಓದಿ ಹೇಳತೇನಿ."

"ನನಗೇನ ಕೊಡತಿ?"

"ಪುಕ್ಕಟ ಪಿಚ್ಚರ್ ಸಿಗತೈತಲ್ಲಬೇ. ಮತ್ತೇನ ಬೇಕ?"

ಅದು ಎರಡು ಸಾವಿರದ ಆರನೆಯ ಇಸವಿ. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಅಂದಿನಿಂದ ವಾರಕ್ಕೆ ನಾಲ್ಕು ಸಿನಿಮಾ, ನಾನು ಮತ್ತು ಆಯಿ. ಆಯಿ ಎಂದರೆ ಅಪ್ಪನ ತಾಯಿ, ಲಗಮವ್ವ. ಉಣ್ಣೆ ಹಿಂಜುತ್ತ ಹಿಂಜುತ್ತ ನನ್ನನ್ನು ಏಳು ಸಮುದ್ರ ದಾಟಿಸಿದವಳು. ಅವಳ ಕತೆಗೊಂದು ಕಟ್ಟಳೆ ಇತ್ತು. ಕೇಳುವವರು ಹೂಂ ಎನ್ನಬೇಕು, ಹೂಂ ನಿಂತರೆ ಕತೆಯೂ ನಿಂತಿತು. ಟೀವಿಗೂ ಆಯಿ ಹಾಗೆಯೇ ಹೂಂ ಅನ್ನುತ್ತಿದ್ದಳು. ಹಿಂದಿ ಸಿನಿಮಾಕ್ಕೆ ಸ್ವಲ್ಪ ಜೋರಾಗಿ, ಅವರಿಗೆ ಕೇಳಲಿ ಎಂದು. ನಡುವೆ ಕರೆಂಟು ಹೋದರೆ ಉಳಿದ ಅರ್ಧವನ್ನು ತಾನೇ ಹೇಳಿ ಮುಗಿಸುತ್ತಿದ್ದಳು. ಕರೆಂಟು ಬಂದ ಮೇಲೆ ನೋಡಿದರೆ ಸಿನಿಮಾದವರದು ಸಪ್ಪೆ ಎನಿಸುತ್ತಿತ್ತು.

ದೆವ್ವದ ಚಿತ್ರಕ್ಕೆ ನಾನು ಬರೆದದ್ದು ಹೀಗೆ: 'ಹೆದರಿಕೆ ಬರುವುದು ಬಾಗಿಲ ಸಪ್ಪಳಕ್ಕೆ ಮಾತ್ರ. ಯಾರಾದರೂ ಆ ಬಾಗಿಲಿಗೆ ಎರಡು ಹನಿ ಎಣ್ಣೆ ಬಿಟ್ಟಿದ್ದರೆ ಅರ್ಧ ತಾಸಿಗೆ ಮುಗಿಯುತ್ತಿತ್ತು. ಆದರೂ ದೆವ್ವವಾದವಳ ಸಿಟ್ಟು ಖರೆ.' ಹೊಡೆದಾಟದ್ದಕ್ಕೆ: 'ನಾಯಕನನ್ನು ಹೊಡೆಯಲು ನಲವತ್ತು ಮಂದಿ ಬರುತ್ತಾರೆ, ಬಂದು ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಪಾಳಿಗೆ ನಿಲ್ಲುತ್ತಾರೆ.' ಇಂಗ್ಲಿಷಿನಿಂದ ಹಿಂದಿಗೆ ಮಾಡಿದ ಮೊಸಳೆಯ ಚಿತ್ರವೊಂದಿತ್ತು, ಬಸ್ಸಿನಷ್ಟು ಉದ್ದದ ಮೊಸಳೆ. ಆಯಿ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಮೊಸಳಿ ಹಿಂಗ ಒದರೂದಿಲ್ಲ ತಂಗಿ. ಅದು ಸುಮ್ಕ ಬರತೈತಿ," ಎಂದಳು. ಬ್ಯಾರೇಜಿನ ನೀರು ನಿಂತ ಮೇಲೆ ನಮ್ಮ ಹೊಳೆದಂಡೆಯವರಿಗೆ ಮೊಸಳೆಯ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 'ಹೊಳೆ ದೂರ ಇದ್ದವರು ಒಯ್ಯಿರಿ' ಎಂದು ಬರೆದೆ. ಕೊಲೆ ಪತ್ತೆ ಮಾಡುವ ಚಿತ್ರದಲ್ಲಿ ಪೊಲೀಸರಿಗೆ ಎರಡೂವರೆ ತಾಸು ಹಿಡಿಯಿತು, ಆಯಿಗೆ ಹತ್ತು ನಿಮಿಷ. "ಚಾ ಕೊಡಾಕ ಬಂದವ ಎಲ್ಲಾರ ಮಾರಿ ನೋಡಿ ಹೋದ ನೋಡು. ಅವನ." ಅವನೇ ಆಗಿದ್ದ. ಕೊಲೆಗಾರನ ಹೆಸರು ಬರೆಯಬಾರದೆಂದು ಅಷ್ಟು ಹೊತ್ತಿಗೆ ಕಲಿತಿದ್ದೆ.

ಮುಂದಿನ ಭಾನುವಾರ ಮಾಮಾ ಗಾಡಿ ನಿಲ್ಲಿಸಿ, ಚಪ್ಪಲಿ ಸಹ ಬಿಡದೆ, ಕಟ್ಟೆಯ ಮೇಲೆ ನಿಂತೇ ಚೀಟಿ ಓದುತ್ತಿದ್ದ. ಪಾಳಿಯ ಸಾಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಎಲ್ಲಿಂದ ಬರತಾವ ಬೇ ನಿಂಗ ಇವು?" ನನಗೆ ಅಷ್ಟು ಸಾಕಾಗುತ್ತಿತ್ತು. ಸಾಕಾಗುತ್ತಿತ್ತು ಎಂದು ಅಂದುಕೊಂಡಿದ್ದೆ.

ನಮ್ಮಲ್ಲಿ ಅಕ್ಕನ ಮಗಳು ಎಂದರೆ ತಮ್ಮನಿಗೆ ಎತ್ತಿಟ್ಟ ಹೆಣ್ಣು. ನಾನು ದೊಡ್ಡವಳಾದಾಗ ಹಸಿರು ಸೀರೆ ತಂದು ಕೊಟ್ಟವನು ಅವನೇ. ಆರತಿ ಮಾಡುವಾಗ ಹೆಂಗಸರು ಅವನ ಹೆಸರು ಹಚ್ಚಿ ಹಾಡಿದ್ದರು. ಆಮೇಲೆ ಯಾರೂ ಏನೂ ಕೇಳಲಿಲ್ಲ, ಯಾರೂ ಏನೂ ಹೇಳಲಿಲ್ಲ. ಮನೆಯೊಳಗಿನ ಮಾತನ್ನು ಕೇಳುವುದೇನು, ಕೇಳಿದರೆ ಸಂಶಯಪಟ್ಟಂತೆ. ಹೊರಗಿನ ಸಂಬಂಧ ಎರಡು ಬಂದಾಗ ಅವ್ವ ಜಾತಕ ಸಹ ನೋಡದೆ ತಿರುಗಿಸಿ ಕಳಿಸಿದಳು. "ನಮ್ಮ ಪರಮ್ಯಾ ಅದಾನಲ್ಲರಿ," ಎಂದು ಪಕ್ಕದ ಮನೆಯ ಅನಸವ್ವನ ಮುಂದೆ ಹೇಳುವುದು ನನಗೆ ಕೇಳಿಸಿತ್ತು. ಪರಮ್ಯಾನನ್ನು ಯಾರೂ ಕೇಳಿರಲಿಲ್ಲ.

ಚಳಿಗಾಲದಲ್ಲಿ ಒಂದು ಪ್ರೇಮದ ಚಿತ್ರ ತಂದ. ಅದರ ಹುಡುಗ ಹುಡುಗಿಯ ಮನೆಗೆ ಏನಾದರೊಂದು ನೆವ ಮಾಡಿಕೊಂಡು ಬರುತ್ತಾನೆ. ಛತ್ರಿ ಮರೆತೆ ಎನ್ನುತ್ತಾನೆ, ಪುಸ್ತಕ ಬೇಕು ಎನ್ನುತ್ತಾನೆ. ನೋಡುವಾಗ ಆಯಿ ನನ್ನ ತೊಡೆ ಚಿವುಟಿದಳು. "ಇಂವಗ ಸೀಡಿ ಅಂಗಡಿ ಇಟ್ಟ ಕೊಡಬೇಕಿತ್ತು ನೋಡು." ನಾನು ಎದ್ದು ನೀರು ಕುಡಿಯಲು ಹೋದೆ. ಆ ದಿನ ಚೀಟಿಯನ್ನು ಮೂರು ಸಲ ಬರೆದೆ. 'ಅವನು ನೆವ ಹುಡುಕಿಕೊಂಡು ಬರುತ್ತಾನೆ. ಅವಳಿಗೆ ನೆವ ಗೊತ್ತು, ಅವನಿಗೂ ಗೊತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಛತ್ರಿಯ ಮಾತಾಡುತ್ತಾರೆ. ಹೇಳಿಬಿಟ್ಟರೆ ಬರುವುದು ನಿಂತೀತು ಎಂಬ ಹೆದರಿಕೆ ಇರಬೇಕು.'

ಮಾಮಾ ಅದನ್ನು ಓದಿ ನಗಲಿಲ್ಲ. ಎರಡನೆಯ ಸಲ ಓದಿದ. ಡಬ್ಬಿಯೊಳಗೆ ಇಡದೆ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. ಗಾಡಿ ತಿರುಗಿಸಿ ಹೋಗುವವರೆಗೂ ನನ್ನ ಮುಖ ನೋಡಲಿಲ್ಲ. ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಹಾಡು ಸಹ ನನಗಾಗಿಯೇ ಹಚ್ಚಿದಂತೆ ಕೇಳುತ್ತಿತ್ತು.

ಯುಗಾದಿ ಆದ ಮೇಲೆ ಮಾಮಾ ಬುಧವಾರ ಬಂದ. ಸೀಡಿ ಇರಲಿಲ್ಲ, ಪೇಢೆಯ ಡಬ್ಬಿ ಇತ್ತು. ಮುಧೋಳದಲ್ಲಿ ನರ್ಸ್ ಕೆಲಸದಲ್ಲಿರುವ ಶೀತಲ್ ಎಂಬ ಹುಡುಗಿಯನ್ನು ನೋಡಿದ್ದೇನೆ, ನಮ್ಮವರೇ, ಅವರ ಮನೆಯಲ್ಲಿ ಒಪ್ಪಿದ್ದಾರೆ ಎಂದ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಿಸಲಿಲ್ಲ. "ಮನ್ಯಾಗೊಂದ ಹೆಣ್ಣ ಐತಿ ಅನ್ನೂದು ನಿಂಗ ನೆನಪ ಐತೇನ ತಮ್ಮಾ?"

"ಯಾರ, ವೈಶಾನ? ಆಕಿನ್ನ ನಾ ಹೆಗಲ ಮ್ಯಾಲ ಹೊತ್ತ ಆಡಿಸೇನಿ ಅಕ್ಕಾ. ಹಂಗ್ಯಾಕ ವಿಚಾರ ಮಾಡಿದಿ?"

"ಸೀರಿ ಕೊಟ್ಟಿದ್ದಿ."

"ಮಾಮಾ ಅಂದಮ್ಯಾಲ ಕೊಡಬೇಕಲ್ಲ. ಎಲ್ಲಾರೂ ಕೊಡತಾರ."

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನ್ನನ್ನು ಸುಟ್ಟಿತು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಾಗಾದರೆ ಆ ಚೀಟಿ ಕಿಸೆಯೊಳಗೆ ಯಾಕೆ ಹೋಯಿತು ಎಂಬುದೊಂದೇ ಪ್ರಶ್ನೆ ನನಗೆ ಉಳಿದಿತ್ತು.

ಉತ್ತರವನ್ನು ಶೀತಲ್ ತಾನೇ ತಂದಳು. ಅಕ್ಕನ ಮನಸ್ಸು ಮುರಿದು ಮದುವೆಯಾಗಬಾರದೆಂದು ಮಾಮಾ ಒಂದು ಮಧ್ಯಾಹ್ನ ಅವಳನ್ನು ಕರೆದುಕೊಂಡು ಬಂದು ಅವ್ವನಿಗೆ ಸೀರೆ ಉಡಿಸಿದ. ಶೀತಲ್ ಕೆಟ್ಟವಳಾಗಿದ್ದರೆ ಹಗುರಾಗುತ್ತಿತ್ತು. ಬಂದವಳೇ ಆಯಿಯ ಕಾಲು ಮುಟ್ಟಿ, ಬಾತ ಮೊಣಕಾಲಿಗೆ ಯಾವ ಎಣ್ಣೆ ಎಂದು ಹೇಳಿ, ನನ್ನ ಪಕ್ಕ ಚಾಪೆಯ ಮೇಲೆ ಕೂತಳು.

"ನೀನೂ ಬಾಳ ಪಿಚ್ಚರ್ ನೋಡತೀಯಂತ? ನಾ ಬನಹಟ್ಟಿಯೊಳಗ ನಮ್ಮ ಅಕ್ಕನ ಮನಿಗೆ ಬಂದಾಗ ಇವರ ಅಂಗಡಿಯಿಂದ ಸೀಡಿ ಒಯ್ಯತಿದ್ನಿ. ಒಳಗ ಚೀಟಿ ಇರತಿದ್ದು. ಪಿಚ್ಚರಕ್ಕಿಂತ ಚೀಟೀನ ಛಲೋ. ಯಾರ ಬರದಾರಂತ ಕೇಳಿದ್ನಿ. ಇವರು ಬರೀ ನಕ್ಕರು. ಆಗ ತಿಳೀತ." ಪರ್ಸಿನಿಂದ ಒಂದು ಕಾಗದ ತೆಗೆದಳು. "ಇದನ್ನ ನೋಡು. ಇದು ಬಂದ ಮ್ಯಾಲ ನಾನೂ ಹೂಂ ಅಂದ್ನಿ."

ಮಾಮಾನ ಅಕ್ಷರ, ಕುರಿಹಿಕ್ಕೆಯ ಹಾಗೆ ಚದುರಿದ್ದು. ಡಬ್ಬಿಯ ಚೀಟಿಗಳನ್ನೂ ಹೀಗೇ ತನ್ನ ಅಕ್ಷರದಲ್ಲಿ ಇಳಿಸಿ ಅವಳಿಗೆ ಕೊಟ್ಟಿರಬೇಕು. ನೆವ, ಛತ್ರಿ, ಹೆದರಿಕೆ, ಎಲ್ಲವೂ ಇತ್ತು. ಒಂದು ಮಾತನ್ನೂ ಬದಲಿಸಿರಲಿಲ್ಲ. ಶೀತಲ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿದಳು.

ನಾನು ಬರೆದದ್ದನ್ನೆಲ್ಲ ಆಯಿಗೆ ಓದಿ ಹೇಳುತ್ತಿದ್ದೆ. ಆಯಿ ತಲೆ ಎತ್ತಿದಳು. "ಆ ಮಾತ ನಮ್ಮ ಹುಡು..." ಎನ್ನುವಷ್ಟರಲ್ಲಿ ಅವಳ ಮೊಣಕಾಲು ಗಟ್ಟಿಯಾಗಿ ಒತ್ತಿದೆ, ಬಾವಿದ್ದ ಕಡೆಯೇ. ಆಯಿ ಎಲೆ ಅಡಿಕೆಯ ಚೀಲಕ್ಕೆ ಕೈ ಹಾಕಿದಳು. ಹೇಳಿದರೆ ಅವನ ಬಣ್ಣ ಬಯಲಾಗುತ್ತಿತ್ತು, ನನ್ನದೂ. ಮಾಮಾನಿಗೆ ಅಂಥ ಚೀಟಿ ಬರೆದವಳು ಎಂದು ಅವ್ವ, ಅಪ್ಪ, ನಾಳೆ ಅನಸವ್ವ, ಎಲ್ಲರ ಬಾಯಲ್ಲಿ ಇರುತ್ತಿದ್ದೆ. ಅವನಂತೂ ನನ್ನವನಾಗುತ್ತಿರಲಿಲ್ಲ. ಮಾಮಾ ಗೋಡೆಯ ಮೇಲಿನ ಬೀರೇಶ್ವರನ ಫೋಟೋ ನೋಡುತ್ತ ಕೂತಿದ್ದ.

"ಛಲೋ ಬರದಾರ್ರಿ," ಎಂದೆ ನಾನು. "ನನಗ ಇಷ್ಟ ತಿಳಿಯೂದಿಲ್ಲ."

ಅವ್ವ ಶೀತಲ್‌ಗೆ ಕುಂಕುಮ ಹಚ್ಚಲು ಒಳಗೆ ಕರೆದಾಗ ಮಾಮಾ ನನ್ನನ್ನು ಗಾಡಿಯ ಹತ್ತಿರ ಕರೆದ. ಬೈಗುಳಕ್ಕೆ ಸಿದ್ಧನಾದವನ ಮುಖ ಮಾಡಿಕೊಂಡು, ಬೈಗುಳ ಬರದೇ ಇದ್ದಾಗ ಹಗುರಾದ.

"ವೈಶಾ, ನೀ ದೊಡ್ಡ ಮನಸಿನಾಕಿ. ಇನ್ನೊಂದ ಸಲ ಬೇ. ಆ ಎಮ್ಮಿ ಪಿಚ್ಚರಕ್ಕ ನಾಕ ಸಾಲ. ಆಕಿ ಕೇಳಾಕತ್ತಾಳ, ನಂಗೇನ ಬರತೈತಿ? ಮದವಿ ಆತಂದ್ರ ಯಾರ ಕೇಳತಾರ?"

ಆ ಚಿತ್ರ ನೋಡಿದ್ದೆ. ಇಬ್ಬರು ಭಾವಮೈದುನರು ಕದ್ದ ಎಮ್ಮೆಯನ್ನು ಬಾಡಿಗೆ ಮನೆಯ ಬಚ್ಚಲಲ್ಲಿ ಅಡಗಿಸಿ ಇಡುವ ನಗೆಚಿತ್ರ. ಆಯಿ ನಕ್ಕು ನಕ್ಕು ಎಲೆ ಅಡಿಕೆ ಉಗುಳಿದ್ದಳು.

"ಪೆನ್ ಐತೇನ? ಬರಕೋ," ಎಂದೆ. ಅವನು ಅಂಗಡಿಯ ರಸೀದಿಯ ಹಿಂದೆ ಬರೆದುಕೊಂಡ. "ಮಂದಿ ಇದನ್ನು ನಗುವ ಚಿತ್ರ ಎನ್ನುತ್ತಾರೆ. ನನಗೆ ಅಳು ಬಂತು. ಎಲ್ಲರೂ ಅಡಗಿಸುವುದರಲ್ಲೇ ಇದ್ದಾರೆ, ಎಮ್ಮೆಗೆ ಏನು ಬೇಕೆಂದು ಒಬ್ಬರೂ ಕೇಳಲಿಲ್ಲ. ಇದಕ್ಕೆ ನಕ್ಕವರ ಜೊತೆ ನಾನು ಕೂರಲಾರೆ."

"ಅಳು ಅಂತ ಬರೀಲಿ? ಖರೇನ?"

"ಖರೆ ಮಾಮಾ. ನೋಡಿಲ್ಲೇನ ನೀ?"

ನೋಡಿರಲಿಲ್ಲ. ಬರೆದುಕೊಂಡು ಹೋದ. ಶೀತಲ್ ಆ ಚೀಟಿ ಓದಿ, ಚಿತ್ರ ನೋಡಿ, ಬಿದ್ದು ಬಿದ್ದು ನಕ್ಕು, ಈ ಮನುಷ್ಯನಿಗೆ ಏನೂ ತಿಳಿಯುವುದಿಲ್ಲ ಎಂದು ಕಂಡುಕೊಳ್ಳಲಿ ಎಂದೇ ನಾನು ಹೇಳಿದ್ದು. ಹದಿನೈದು ದಿನ ಕಾದೆ. ಮುಧೋಳದ ಕಡೆಯಿಂದ ಏನಾದರೂ ಸುದ್ದಿ ಬಂದೀತೆಂದು ಫೋನು ರಿಂಗಾದಾಗಲೆಲ್ಲ ಎದ್ದೆ. ಬಂದದ್ದು ಲಗ್ನಪತ್ರಿಕೆ.

ಮದುವೆಯ ದಿನ ಶೀತಲ್ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು. "ಎಮ್ಮಿ ಪಿಚ್ಚರ್ ನೋಡೀ ಏನ? ನಾ ಮೊದಲ ಸಲ ಬರೀ ನಕ್ಕಿದ್ನಿ. ಇವರ ಚೀಟಿ ಓದಿ ಇನ್ನೊಮ್ಮಿ ನೋಡಿದ್ನಿ, ಅದರ ಕಣ್ಣ ನೋಡಿ ಅಳು ತಡಕೊಳ್ಳಾಕ ಆಗಲಿಲ್ಲ. ಎಲ್ಲಾರೂ ನಗೂ ಕಡೆ ಇವರಿಗೆ ಅದು ಕಂಡೈತಿ ನೋಡು. ಇಂಥಾ ಮನಸಿನವರು ಎಲ್ಲಿ ಸಿಗತಾರ?"

ಅವಳ ಹಿಂದೆ ಬಾಸಿಂಗ ಕಟ್ಟಿಕೊಂಡು ಮಾಮಾ ಕೂತಿದ್ದ. ನನ್ನನ್ನು ನೋಡಿ, ಉಪಕಾರ ಪಡೆದವನ ಹಾಗೆ ಮೆಲ್ಲಗೆ ತಲೆದೂಗಿದ. ಅವನಿಗೆ ನಾನು ಕೇಡು ಬಯಸಿದ್ದೆ ಎಂಬುದು ಸಹ ಅವನಿಗೆ ಮುಟ್ಟಿರಲಿಲ್ಲ.

ಭಟ್ಟರು ಎಲ್ಲರೂ ಅಕ್ಕಿಕಾಳು ಹಾಕಿರಿ ಎಂದರು. ನನ್ನ ಮುಷ್ಟಿಯೊಳಗಿನವು ಬೆವರಿಗೆ ಅಂಟಿಕೊಂಡಿದ್ದವು. ಎಸೆದರೆ ಅರ್ಧ ಹೋದವು, ಅರ್ಧ ಅಂಗೈಯಲ್ಲೇ ಉಳಿದವು.