ಆರು ಮಾತ್ರೆಯ ಹೆಸರು

೨೦೧೪ರ ಮಾರ್ಚ್ ಹನ್ನೊಂದು, ಮಂಗಳವಾರ, ಟುವಾಸ್‌ನ ಶಿಪ್‌ಯಾರ್ಡಿನಲ್ಲಿ, ಒಳಗಿನ ಗಾಳಿ ಪರೀಕ್ಷೆಯಾಗದ ಟ್ಯಾಂಕಿನ ಪರ್ಮಿಟ್ಟಿಗೆ ಹಯಗ್ರೀವ ಸಹಿ ಹಾಕಿದ. ಗಿರಿಧರ ಇಳಿದ, ಹತ್ತಿ ಬರಲಿಲ್ಲ.

ಮೊದಲ ನುಡಿ ಇಷ್ಟೇ, ಪ್ರಭಾ ತುಟಿಯೊಳಗೇ ಅಂದುಕೊಂಡಳು, ತಮ್ಮ ಸತ್ತ ಅಂತ ಗೋಳು ಬೇಡ, ಕೊರಿದೋದಲ್ಲಿ ಗೋಳಿಗೆ ಜಾಗ ಇಲ್ಲ ಅಂತ ಎವರಾರ್ದೋ ಹೇಳಿದ್ದ — ಗಿರಿಯ ಜೊತೆ ವೆಲ್ಡಿಂಗ್ ನೋಡುತ್ತಿದ್ದ ಮೆಕ್ಸಿಕೋದವನು, ಗಿಟಾರ್ ಹಿಡಿದರೆ ತನ್ನೂರಿನ ಆ ಕೊಲೆ-ಸೇಡಿನ ಹಾಡು, ಆ ಕೊರಿದೋ ಬಿಟ್ಟು ಬೇರೆ ಬಾರದು, ಅಯ್ಯೋ ಇದು ನಮ್ಮ ಲಾವಣಿ ಕಣೋ ಅಂತ ಗಿರಿ ಕ್ಯಾಂಟೀನಿನ ಮೇಜು ಬಡಿಯುತ್ತಿದ್ದನಂತೆ — ಮೊದಲು ತಾರೀಖು, ಆಮೇಲೆ ಊರು, ಸತ್ತವನ ಹೆಸರು, ಕೊಂದವನ ಹೆಸರು, ಬಾಗಿಲಲ್ಲಿ ತಾಯಿ ಹೋಗಬೇಡ ಮಗನೇ ಅಂತಾಳೆ, ಅವನು ಪಿಸ್ತೂಲು ಸಿಕ್ಕಿಸಿಕೊಂಡು ಹೋಗೇ ಹೋಗ್ತಾನೆ, ಕುದುರೆಗೂ ಹೆಸರಿರುತ್ತೆ ಸಿಸ್ಟರ್, ಕೊಂದವನಿಗೆ ಇಲ್ಲದೆ ಇರುತ್ತಾ? ಮೈಸೂರಿಂದ ಫೋನಲ್ಲಿ ಅಮ್ಮನೂ ಅದನ್ನೇ ಅಂದಳು, ಹೋಗಬೇಡ, ನೀನಲ್ಲಿ ಕೆಲಸಕ್ಕಿರೋ ಪಾಸೂ ಅದೇ ಕಂಪನಿಯದು, ಒಬ್ಬ ಹೋದ, ನೀನಾದರೂ ಉಳಿ — ಪಿಸ್ತೂಲು ಯಾರಿಗೆ ಬೇಕಮ್ಮ, ಹನ್ನೊಂದು ನುಡಿ ಇದೆ, ಈ ನೂರು ಜನರ ಕಿವಿಯಲ್ಲಿ ಗಿರಿಯ ಹೆಸರಿನ ಪಕ್ಕ ಆ ಹೆಸರು ಕೂತರೆ ಸಾಕು, ಕಂಪನಿ ಬರೆದದ್ದು ಕೆಲಸಗಾರನ ಅಜಾಗರೂಕತೆ, ಅಜಾಗರೂಕ, ಕುಕ್ಕರಿನ ಸೀಟಿ ಎಣಿಸುತ್ತಾ ನಿಲ್ಲುತ್ತಿದ್ದ ಗಿರಿ! ಇವತ್ತು ಹದಿಮೂರನೇ ದಿನ, ಭಾನುವಾರ, ಜುರಾಂಗ್ ವೆಸ್ಟಿನ ವಾಯ್ಡ್ ಡೆಕ್, ಫ್ಲ್ಯಾಟುಗಳ ಕೆಳಗಿನ ಖಾಲಿ ಜಾಗ, ಕನ್ನಡ ಸಂಘದ ಶ್ರದ್ಧಾಂಜಲಿ, ಫೋಟೋಗೆ ಮೊದಲ ಹಾರ ಸಂಘದ ಪೋಷಕನದು, ಸಹಿ ಹಾಕಿದ ಅದೇ ಕೈ, ಈಗ ಮೊದಲ ಸಾಲಲ್ಲಿ ಕೂತು ಕರವಸ್ತ್ರ ಮಡಿಸುತ್ತಿದೆ, ನಾಲ್ಕಾಗಿ, ಎಂಟಾಗಿ — ಪ್ರಭಾ, ಒಂದ್ನಿಮಿಷ ಬಾಮ್ಮ ಇಲ್ಲಿ, ಸೆಕ್ರೆಟರಿ ಅನಂತರಾಮ್ ಅಂಕಲ್, ಕೈಯಲ್ಲಿ ಅವಳು ಬರೆದ ಹಾಳೆ, ಹಾಡು ಫಸ್ಟ್ ಕ್ಲಾಸ್ ಆಗಿದೆ, ಒಂದೇ ಒಂದು ಕಡೆ ಚೇಂಜ್ ಮಾಡ್ಕೋ, ನಾನು ಬೆರಳಲ್ಲಿ ಎಣಿಸಿ ನೋಡ್ದೆ, ಹಯಗ್ರೀವ ಆರು ಮಾತ್ರೆ, ವಿಧಿವಿಲಾಸ ಅನ್ನು, ಅದೂ ಆರೇ, ತಾಳ ಒಂಚೂರೂ ತಪ್ಪಲ್ಲ. ಆರಕ್ಕೆ ಆರು, ಅವಳ ಬೆರಳೂ ತಾನಾಗಿ ಎಣಿಸಿತು, ಹೌದು ಸರಿಯಾಗಿದೆ, ಥೂ, ಎಷ್ಟು ಸರಿಯಾಗಿದೆ, ಛಂದಸ್ಸು ಕಲಿತವರೇ ಕೊಲೆ ಒರೆಸಬೇಕು, ಹೆಸರು ತೆಗೆದು ವಿಧಿಯನ್ನು ಕೂರಿಸಿದರೂ ಕೇಳುವವರಿಗೆ ಎಲ್ಲೂ ಎಡವಿದಂತಾಗುವುದಿಲ್ಲ, ಎಲ್ಲರೂ ತಲೆದೂಗುತ್ತಾರೆ, ಪುಳಿಯೋಗರೆಗೆ ಸಾಲು ನಿಲ್ಲುತ್ತಾರೆ — ಏನಮ್ಮ, ಮೈಕ್ ಕೊಡ್ಲಾ, ವಿಧಿವಿಲಾಸ ಅಂತೀಯಲ್ವಾ, ಜನ ಕಾಯ್ತಿದಾರೆ — ಟ್ಯಾಂಕಿನ ಬಾಯಿ, ದುಂಡಗೆ, ಕಪ್ಪಗೆ —

ಇಲ್ಲ ಅಂಕಲ್, ಅನ್ನಲ್ಲ.