ಕೋಳಿಗೆ ಹೊಲಿದ ಜಾಕೆಟ್ಟು

ಬೀದಿಯ ತಿರುವಿನ ದರ್ಜಿಯ ಮನೆಗೆ ಕೋಳಿ ಬಂದು ಎರಡು ದಿನವಾಗಿತ್ತು. ಆ ಎರಡು ದಿನದಲ್ಲಿ ಅದು ಎರಡು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಮೊಟ್ಟೆ ಫಾರ್ಮಿನ ಪಂಜರದಿಂದ ಬಿಡಿಸಿ ತಂದ ಕೋಳಿ. ಪ್ರಾಣಿದಯಾ ಸಂಘದವರು ಬಂದು "ಒಂದನ್ನು ಸಾಕ್ತೀರಾ?" ಎಂದಾಗ ಷರ್ಟಿನ ಕಾಲರಿನಲ್ಲಿ ಮುಳುಗಿದ್ದ ದರ್ಜಿ ತಲೆಯೆತ್ತದೆ ಹೂಂಗುಟ್ಟಿದ್ದ. ತಲೆಯೆತ್ತಿ ನೋಡಿದರೆ, ರಟ್ಟಿನ ಪೆಟ್ಟಿಗೆಯೊಳಗೆ ಕತ್ತು, ಎದೆ, ಬೆನ್ನು ಎಲ್ಲ ಬೋಳು. ಬಾಲದ ಜಾಗದಲ್ಲಿ ಎರಡು ಕಡ್ಡಿ. ಜುಟ್ಟು ಬಿಳಚಿಕೊಂಡು ಒಂದು ಪಕ್ಕಕ್ಕೆ ವಾಲಿತ್ತು.

ಮೈಮೇಲೆ ಬಟ್ಟೆಯಿಲ್ಲದವರನ್ನು ಕಂಡರೆ ದರ್ಜಿಗೆ ಹೊಳೆಯುವುದು ಒಂದೇ. ಟೇಪು ತೆಗೆದು ಎದೆ, ಬೆನ್ನು, ರೆಕ್ಕೆಯ ಸುತ್ತಳತೆ ಬರೆದುಕೊಂಡ. ಮಿಕ್ಕಿದ್ದ ಅಸ್ತರಿನ ಬಟ್ಟೆಯಲ್ಲಿ ಹುಕ್ಕಿನ ಜಾಕೆಟ್ಟೊಂದನ್ನು ಮಧ್ಯಾಹ್ನದೊಳಗೆ ಮುಗಿಸಿದ. 'ನಾಳೆ ಬನ್ನಿ' ಅನ್ನದೆ ಯಾರಿಗೂ ಬಟ್ಟೆ ಕೊಟ್ಟ ಇತಿಹಾಸ ಆ ಅಂಗಡಿಗೆ ಇರಲಿಲ್ಲ.

"ಮೇಷ್ಟ್ರ ಪ್ಯಾಂಟು ಇಪ್ಪತ್ತು ದಿನದಿಂದ ಒಂಟಿಕಾಲಲ್ಲಿ ನಿಂತಿದೆ," ಅಂದಳು ಅವನ ತಾಯಿ. "ಕೋಳಿದು ಮಾತ್ರ ಅರ್ಜೆಂಟು."

"ಮೇಷ್ಟ್ರೇನು ಬರಿಮೈಯಲ್ಲಿ ಓಡಾಡ್ತಿಲ್ವಲ್ಲಮ್ಮ."

ಜಾಕೆಟ್ಟು ತೊಟ್ಟ ಕೋಳಿ, ನೆಲದ ಮೇಲೆ ಮಡಚಿ ಹಾಸಿದ್ದ ಪೇಪರಿನ ಮೇಲೆ, ಫೋಟೋಗೆ ನಿಂತಂತೆ ನಿಂತಿತು. ಅಕ್ಕಿ ಹಾಕಿದ; ತಿನ್ನಲಿಲ್ಲ. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಇಟ್ಟ, ಮೂಸಲೂ ಇಲ್ಲ. ಒಂಟಿತನಕ್ಕೆ ಬೇಜಾರಾಗಿರಬೇಕೆಂದು ಹಿತ್ತಲಿನ ಮೂರು ಕೋಳಿಗಳ ನಡುವೆ ಬಿಟ್ಟ. ಅವು ಕುಕ್ಕಿ ಒಂದು ಹುಕ್ಕು ಕಿತ್ತವು; ಎತ್ತಿ ತಂದು ಮತ್ತೆ ಪೇಪರಿನ ಮೇಲೆ ಬಿಟ್ಟ. ಎರಡನೆಯ ದಿನ ಸಂಜೆ ಕೋಳಿ ಕೊಕ್ಕು ತೆರೆದು ಏದುಸಿರು ಬಿಡತೊಡಗಿತು. ತಪ್ಪಿದ್ದೆಲ್ಲಿ ಎಂದು ದರ್ಜಿಗೆ ತಿಳಿಯಲಿಲ್ಲ. ಅಳತೆಯ ಚೀಟಿಯನ್ನು ಮತ್ತೆ ನೋಡಿದ. ಅಳತೆ ಸರಿಯಾಗಿಯೇ ಇತ್ತು.

"ನಾಳೆವರೆಗೆ ಉಳಿಯಲ್ಲ ಕಣೋ," ಅಂದಳು ತಾಯಿ. "ಪಾಪ, ಹೊಸ ಬಟ್ಟೇಲೇ ಹೋಗ್ತಾಳೆ."

ಎರಡು ಮನೆಯಾಚೆ ಪಶು ಆಸ್ಪತ್ರೆಯ ಸಹಾಯಕಿಯ ಮನೆ. ಬೀದಿಗೆಲ್ಲ ಅವಳು ಕೋಳಿಯಕ್ಕ. ದರ್ಜಿ ಓಡಿಹೋಗಿ ಕರೆತಂದ. ಅವಳು ಮಾತಾಡುವ ಮೊದಲು ಹುಕ್ಕುಗಳನ್ನು ಬಿಚ್ಚಿದಳು.

"ಫಿಟಿಂಗ್ ಸರಿಯಿಲ್ವಾಕ್ಕ?"

"ಚೆನ್ನಾಗಿದೆ. ಅದೇ ತೊಂದರೆ. ಸೆಕೆ ಆದ್ರೆ ಕೋಳಿ ರೆಕ್ಕೆ ಬಿಚ್ಚಿ ಗಾಳಿ ತಗೋಬೇಕು, ಚಳಿ ಆದ್ರೆ ಮೈ ಉಬ್ಬಿಸ್ಕೋಬೇಕು. ನೀನು ಎರಡಕ್ಕೂ ಹುಕ್ಕು ಹಾಕಿದೀಯ. ಇಲ್ಲಿ ಮೆಲ್ಲಗೆ ಬೆರಳಿಡು."

ಬೋಳು ಬೆನ್ನಿನ ಮೇಲೆ ಗುಂಡುಸೂಜಿಯ ತುದಿಗಳಂಥವು ತಾಗಿದವು.

"ಹೊಸ ಪುಕ್ಕ. ಒಳಗೆ ರಕ್ತ ಇರುತ್ತೆ, ಬಟ್ಟೆ ಉಜ್ಜಿದ್ರೆ ನೋವು. ಅವಳ ಬಟ್ಟೆ ಅವಳೇ ಹೊಲ್ಕೊಳ್ತಾಳಪ್ಪ. ನೀನು ನೂಲು ಕೊಟ್ರೆ ಸಾಕು."

"ಯಾವ ನಂಬರಿನ ನೂಲಕ್ಕ?"

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮೊಟ್ಟೆಕೋಳಿಗೆ ಹಾಕೋ ಪುಡಿ ಆಹಾರ ಮಾರಾಯ. ಪುಕ್ಕ ಬೆಳೆಯೋಕೆ ಬೇಕಾದ್ದು ಅದರಲ್ಲಿದೆ. ಫಾರ್ಮಲ್ಲಿ ಪುಡಿ ತಿಂದು ಬೆಳೆದೋಳು, ಅಕ್ಕಿ ತಿನ್ನೋ ವಸ್ತು ಅಂತ ಅವಳಿಗೇನು ಗೊತ್ತು? ನೀರಲ್ಲಿ ಸ್ವಲ್ಪ ಕಲಸಿಡು. ಹಾಲು ಬೇಡ. ಅಲ್ಲಿ ನಳಿಕೆಯಿಂದ ನೀರು ಕುಡೀತಿದ್ಲು, ಬಟ್ಟಲು ನೋಡಿಲ್ಲ. ಕೊಕ್ಕಿನ ತುದಿ ಒಂದ್ಸಲ ಅದ್ದಿ ತೋರಿಸು. ಮತ್ತೆ ಎರಡು ದಿನ ಯಾಕೆ ಸುಮ್ನಿದ್ದೆ? ಮೊದಲ್ನೇ ದಿನವೇ ಬರಬೇಕಿತ್ತು."

"ಕಾಲಿಗೇನಾಗಿದೆ? ಪೇಪರ್ ಬಿಟ್ಟು ಇಳಿಯಲ್ಲ."

"ಪಂಜರದಲ್ಲಿ ಅವಳ ಪಾಲಿಗಿದ್ದ ಜಾಗ ಹೆಚ್ಚುಕಡಿಮೆ ಆ ಪೇಪರಿನಷ್ಟೇ. ಗಾಳಿ ಬೀಸದ ಮೂಲೇಲಿಡು. ಸುತ್ತ ಒಣಹುಲ್ಲು ಹರಡು, ಕಾಲು ಜಾರಲ್ಲ. ಎರಡು ಮೂರು ವಾರ ಬೇರೆ ಕೋಳಿಗಳ ಹತ್ರ ಬಿಡಬೇಡ, ರೋಗ ಇದ್ರೆ ಅಂಟುತ್ತೆ. ಆಮೇಲೆ ನಡುವೆ ಜಾಲರಿ ಇಟ್ಟು ಪರಿಚಯ ಮಾಡಿಸು. ಬರಿಮೈ ಕಂಡ್ರೆ ಕುಕ್ಕೋದು ಅವುಗಳ ಬುದ್ಧಿ."

"ಮನುಷ್ಯರದೂ," ಅಂದಳು ತಾಯಿ.

"ಪುಕ್ಕ ಬರೋಕೆ ಎಷ್ಟು ದಿನ?"

"ಆರೆಂಟು ವಾರ. ಕೆಲವಕ್ಕೆ ಇನ್ನೂ ಜಾಸ್ತಿ."

"ಒಂದು ಜೊತೆ ಬಟ್ಟೆಗೆ ಎರಡು ತಿಂಗಳಾ?"

"ನಾಳೆ ಬಾ ಅಂತಿದಾಳೆ ನಿನ್ನ ಕೋಳಿ, ಹೋಗಿ ಬಾ," ಅಂದಳು ತಾಯಿ. "ಕಾಯೋದು ಹೇಗಿರುತ್ತೆ ಅಂತ ನಿಂಗೂ ಗೊತ್ತಾಗ್ಲಿ."

ಆ ಸಂಜೆಯೇ ಕೋಳಿ ನೀರು ಕುಡಿಯಿತು. ಮರುದಿನ ಕಲಸಿದ ಪುಡಿಯಲ್ಲಿ ಅರ್ಧ ತಿಂದಿತು. ಐದನೆಯ ದಿನ ಪೇಪರಿನ ಅಂಚಿನಿಂದ ಒಂದು ಕಾಲು ಹೊರಗಿಟ್ಟು, ಹಿಂದಕ್ಕೆಳೆದುಕೊಂಡು, ಮತ್ತೆ ಇಟ್ಟು, ಹುಲ್ಲಿಗಿಳಿಯಿತು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ದರ್ಜಿ ಹೊಲಿಗೆ ನಿಲ್ಲಿಸಿದ. ಇಳಿದ ಮೇಲೆ ಮುಂದೇನೆಂದು ಕೋಳಿಗೆ ತಿಳಿಯಲಿಲ್ಲ, ದರ್ಜಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಕೋಳಿ ಹುಲ್ಲು ಕೆದಕಿತು. ಅದನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ.

ಜಾಕೆಟ್ಟು ಈಗ ಮೊಳೆಯಲ್ಲಿ ನೇತಾಡುತ್ತಿದೆ, ಸೂಜಿ ಚುಚ್ಚಿಡುವುದಕ್ಕೆ.

ನಿಮ್ಮ ಮನೆಗೂ ಇಂಥ ಕೋಳಿ ಬಂದರೆ ಕತ್ತರಿ ಕೆಳಗಿಡಿ. ಬೆಚ್ಚಗಿನ ಮೂಲೆ, ಅಭ್ಯಾಸದ ಆಹಾರ, ನೀರು, ಒಂದಿಷ್ಟು ಏಕಾಂತ ಕೊಡಿ. ಆದರೆ ಒಂದಿಡೀ ದಿನ ತಿನ್ನದಿದ್ದರೆ, ಮುದುಡಿ ಕೂತರೆ, ಬಾಯ್ದೆರೆದು ಉಸಿರಾಡಿದರೆ 'ನಾಳೆ' ಅನ್ನಬೇಡಿ. ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಮಿಕ್ಕ ಎಲ್ಲದಕ್ಕೂ ನಾಳೆ ಅನ್ನುವ ಹಕ್ಕು ಕೋಳಿಯದು.